ಮಾತ್ರೆ ಮುಗಿದ ಮೇಲೆ ಮತ್ತೆ ಅದೇ ತೊಂದರೆ: ಬ್ಯಾಕ್ಟೀರಿಯಲ್ ವಜೈನೋಸಿಸ್ ಯಾಕೆ ಮರುಕಳಿಸುತ್ತದೆ?

ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪುವ ಈ ತೊಂದರೆಗೆ ಏಳು ದಿನ, ದಿನಕ್ಕೆರಡು ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್ ಮಾತ್ರೆ. ಎರಡು ಮೂರು ದಿನಕ್ಕೇ ವಾಸನೆ ತಗ್ಗುತ್ತದೆ, ವಾರ ಕಳೆಯುವಷ್ಟರಲ್ಲಿ ಸ್ರಾವವೂ ಹತೋಟಿಗೆ ಬರುತ್ತದೆ. ವಾಸಿಯಾಯಿತು ಅಂದುಕೊಂಡು ಮರೆತುಬಿಡುವ ಹೊತ್ತಿಗೆ, ಸಾಮಾನ್ಯವಾಗಿ ಮುಟ್ಟಿನ ಆಸುಪಾಸಿನಲ್ಲೋ ಸಂಭೋಗದ ನಂತರವೋ, ಅದೇ ಮೀನಿನಂಥ ವಾಸನೆ ಮತ್ತೆ ಹಾಜರು. ಇದು ಯಾರೋ ಒಬ್ಬಿಬ್ಬರ ಪಾಡಲ್ಲ. 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಈ ಮಾತ್ರೆ ನುಂಗಿದ ಮಹಿಳೆಯರ ಪೈಕಿ ಶೇ 58ರಷ್ಟು ಮಂದಿಗೆ 12 ತಿಂಗಳೊಳಗೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಮರುಕಳಿಸಿತ್ತು. ಜಗತ್ತಿನಾದ್ಯಂತ ಹೆರಿಗೆಯ ವಯಸ್ಸಿನ ಮಹಿಳೆಯರಲ್ಲಿ ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ ಇರುವ ತೊಂದರೆ ಇದು. ಅಂಥದ್ದಕ್ಕೆ ನಾವು ಕೊಡುತ್ತಿರುವ ಮೊದಲ ಸಾಲಿನ ಚಿಕಿತ್ಸೆಯ ಕಥೆ ಹೀಗಿದೆ.

ಕೇಳಿದ ತಕ್ಷಣ ಹೊಳೆಯುವ ಅನುಮಾನ ಎಂದರೆ, ಔಷಧಕ್ಕೆ ಬಲ ಸಾಲದು ಅಥವಾ ಬ್ಯಾಕ್ಟೀರಿಯಾ ಔಷಧಕ್ಕೆ ಒಗ್ಗಿಕೊಂಡಿದೆ ಎಂಬುದು. ಬಹುಪಾಲು ಪ್ರಕರಣಗಳಲ್ಲಿ ಎರಡೂ ಅಲ್ಲ. ಮೆಟ್ರೊನಿಡಜೋಲ್ ತನಗೆ ವಹಿಸಿದ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ವಹಿಸಿದ್ದು ಅರ್ಧ ಕೆಲಸ. ಕಳೆ ಕಿತ್ತ ಹೊಲದಲ್ಲಿ ಬಿತ್ತನೆ ಆಗದಿದ್ದರೆ ಮತ್ತೆ ಕಳೆಯೇ ಏಳುತ್ತದೆ. ಇಲ್ಲಿ ಆಗುವುದೂ ಹೆಚ್ಚುಕಡಿಮೆ ಅದೇ.

ಬಿತ್ತಬೇಕಾದ್ದು ಏನು ಎಂದು ತಿಳಿಯಬೇಕಾದರೆ, ತೊಂದರೆ ಇಲ್ಲದಾಗ ಯೋನಿಯ ಸ್ಥಿತಿ ಹೇಗಿರುತ್ತದೆ ಎಂದು ನೋಡಬೇಕು. ಆರೋಗ್ಯವಂತ ಯೋನಿ ಸೂಕ್ಷ್ಮಾಣುಗಳೇ ಇಲ್ಲದ ಜಾಗವಲ್ಲ. ಅಲ್ಲಿ ಸಾಮಾನ್ಯವಾಗಿ ಲ್ಯಾಕ್ಟೋಬ್ಯಾಸಿಲಸ್ ಕುಲದ ಬ್ಯಾಕ್ಟೀರಿಯಾಗಳದ್ದೇ ದರ್ಬಾರು. ಈಸ್ಟ್ರೋಜೆನ್ ಪ್ರಭಾವದಿಂದ ಯೋನಿಯ ಒಳಪದರದ ಜೀವಕೋಶಗಳು ಗ್ಲೈಕೋಜನ್ ಕೂಡಿಟ್ಟುಕೊಳ್ಳುತ್ತವೆ. ಆ ಕೋಶಗಳು ಉದುರಿದಾಗ ಗ್ಲೈಕೋಜನ್ ಸಣ್ಣ ಸಕ್ಕರೆಗಳಾಗಿ ಒಡೆಯುತ್ತದೆ, ಲ್ಯಾಕ್ಟೋಬ್ಯಾಸಿಲಸ್ ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ಪಿಎಚ್ 4.5ಕ್ಕಿಂತ ಕೆಳಗೆ ಇಳಿಯುತ್ತದೆ. ಆ ಹುಳಿಯಲ್ಲಿ ಹೊರಗಿನಿಂದ ಬಂದವು ಅಷ್ಟು ಸುಲಭವಾಗಿ ನೆಲೆಯೂರಲಾರವು. ಜರ್ಮನಿಯ ಸ್ತ್ರೀರೋಗ ತಜ್ಞ ಆಲ್ಬರ್ಟ್ ಡೋಡರ್‌ಲೈನ್ ಈ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳನ್ನು 1892ರಲ್ಲೇ ವಿವರಿಸಿದ್ದರು. ಬೇರೆ ಸಸ್ತನಿಗಳಲ್ಲಿ ಲ್ಯಾಕ್ಟೋಬ್ಯಾಸಿಲಸ್‌ಗೆ ಈ ಮಟ್ಟದ ಮೇಲುಗೈ ಇಲ್ಲ. ಇದು ಮನುಷ್ಯರ ವೈಶಿಷ್ಟ್ಯ.

ಲ್ಯಾಕ್ಟೋಬ್ಯಾಸಿಲಸ್ ಎಂದು ಒಂದೇ ಹೆಸರಿನಲ್ಲಿ ಕರೆದುಬಿಟ್ಟರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. 2011ರಲ್ಲಿ ಉತ್ತರ ಅಮೆರಿಕದ 396 ಮಹಿಳೆಯರ ಮಾದರಿಗಳಲ್ಲಿದ್ದ ಬ್ಯಾಕ್ಟೀರಿಯಾಗಳ ಡಿಎನ್‌ಎ ಓದಿದ ಅಧ್ಯಯನ ಯೋನಿಯ ಸೂಕ್ಷ್ಮಾಣು ಸಮುದಾಯಗಳನ್ನು ಐದು ಗುಂಪುಗಳಾಗಿ ವಿಂಗಡಿಸಿತು. ನಾಲ್ಕು ಗುಂಪುಗಳಲ್ಲಿ ಒಂದೊಂದು ಲ್ಯಾಕ್ಟೋಬ್ಯಾಸಿಲಸ್ ಪ್ರಭೇದದ ಯಜಮಾನಿಕೆ: ಕ್ರಿಸ್ಪೇಟಸ್, ಗ್ಯಾಸೆರಿ, ಇನರ್ಸ್, ಜೆನ್ಸೆನಿ. ಐದನೆಯದರಲ್ಲಿ ಯಜಮಾನರೇ ಇಲ್ಲ, ಆಮ್ಲಜನಕ ಬೇಡದ ಹತ್ತಾರು ಅವಾಯುಜೀವಿಗಳ ಸಂತೆ. ಈ ಗುಂಪಿಗೆ ಸೇರಿದವರು ಸುಮಾರು ಕಾಲು ಭಾಗದಷ್ಟಿದ್ದರು, ಮತ್ತು ಅಧ್ಯಯನಕ್ಕೆ ಆರಿಸಿಕೊಂಡಿದ್ದೇ ಯಾವ ತೊಂದರೆಯ ಲಕ್ಷಣವೂ ಇಲ್ಲದವರನ್ನು. ಅಂದರೆ ಲ್ಯಾಕ್ಟೋಬ್ಯಾಸಿಲಸ್ ಕಡಿಮೆ ಇದ್ದ ಮಾತ್ರಕ್ಕೆ ಕಾಯಿಲೆ ಎಂದು ಷರಾ ಬರೆದುಬಿಡಲಾಗದು. ಮನೆಯಲ್ಲೇ ಮಾದರಿ ತೆಗೆದು ಕಳಿಸುವ ಮೈಕ್ರೋಬಯೋಮ್ ಪರೀಕ್ಷೆಗಳ ವರದಿ ಹಿಡಿದು ಗಾಬರಿಯಾಗುವವರು ಇದನ್ನು ನೆನಪಿಡಬೇಕು.

ಇನ್ನು ಬ್ಯಾಕ್ಟೀರಿಯಲ್ ವಜೈನೋಸಿಸ್, ವೈದ್ಯರ ಬಾಯಲ್ಲಿ ಬಿವಿ. ಒಂದು ರೋಗಾಣು ಒಳನುಗ್ಗಿ ತರುವ ಸೋಂಕು ಎಂದು ಇದನ್ನು ಹೇಳುವುದು ಕಷ್ಟ. 1955ರಲ್ಲಿ ಅಮೆರಿಕದ ಹರ್ಮನ್ ಗಾರ್ಡ್ನರ್ ಮತ್ತು ಚಾರ್ಲ್ಸ್ ಡ್ಯೂಕ್ಸ್ ಇದಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣ ಎಂದು ವಾದಿಸಿದರು. ಅದೇ ಇಂದಿನ ಗಾರ್ಡ್ನೆರೆಲ್ಲಾ. ತಮ್ಮ ವಾದ ಸಾಬೀತುಪಡಿಸಲು ಅವರು ಮಾಡಿದ ಪ್ರಯೋಗಕ್ಕೆ ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪಿಗೆ ಕೊಡಲಾರದು: ಆರೋಗ್ಯವಂತ ಮಹಿಳೆಯರ ಯೋನಿಗೆ ಆ ಬ್ಯಾಕ್ಟೀರಿಯಾವನ್ನೇ ಹಾಕಿ ನೋಡಿದರು. ಶುದ್ಧವಾಗಿ ಬೆಳೆಸಿದ ಬ್ಯಾಕ್ಟೀರಿಯಾ ಹಾಕಿದ 13 ಮಂದಿಯಲ್ಲಿ ತೊಂದರೆ ಕಾಣಿಸಿಕೊಂಡದ್ದು ಒಬ್ಬರಿಗೆ. ರೋಗಿಗಳ ಸ್ರಾವವನ್ನೇ ಹಾಕಿದ 15 ಮಂದಿಯಲ್ಲಿ 11 ಮಂದಿಗೆ! ತಾವು ಹಿಡಿದ ಆರೋಪಿ ಒಬ್ಬಂಟಿಯಲ್ಲ, ಹಿಂದೆ ಒಂದು ಗುಂಪೇ ಇದೆ ಎಂಬ ಸುಳಿವು ಅವರ ಅಂಕಿಗಳಲ್ಲೇ ಇತ್ತು. ಪ್ರಿವೊಟೆಲ್ಲಾ, ಫ್ಯಾನಿಹೆಸ್ಸಿಯಾ, ಸ್ನೀಥಿಯಾ, ಮೆಗಾಸ್ಫೇರಾ ಮುಂತಾದವುಗಳ ಪಟ್ಟಿ ಆಮೇಲೆ ಬೆಳೆಯುತ್ತಾ ಹೋಯಿತು. ಗಾರ್ಡ್ನೆರೆಲ್ಲಾ ಕೂಡ ಒಂದೇ ಪ್ರಭೇದವಲ್ಲ ಎಂದು 2019ರಲ್ಲಿ ಅದನ್ನು ವಿಭಜಿಸಲಾಯಿತು.

ಸೂಕ್ಷ್ಮದರ್ಶಕದಲ್ಲಿ ಬಿವಿ ಕಾಣುವ ರೀತಿ ಒಮ್ಮೆ ನೋಡಿದವರಿಗೆ ಮರೆಯುವುದಿಲ್ಲ. ಯೋನಿಯ ಒಳಪದರದ ಜೀವಕೋಶ ಅಗಲವಾಗಿ, ಚಪ್ಪಟೆಯಾಗಿ, ಅಂಚು ಗೆರೆ ಎಳೆದಂತೆ ಸ್ಪಷ್ಟವಾಗಿರಬೇಕು. ಬಿವಿ ಇದ್ದರೆ ಆ ಅಂಚೇ ಕಾಣದಂತೆ ಕೋಶದ ಮೈತುಂಬ ಬ್ಯಾಕ್ಟೀರಿಯಾ ಮೆತ್ತಿಕೊಂಡಿರುತ್ತದೆ. ಇವನ್ನು ಕ್ಲೂ ಸೆಲ್ ಎನ್ನುತ್ತಾರೆ. 1983ರಿಂದ ಬಳಕೆಯಲ್ಲಿರುವ ಆಮ್ಸೆಲ್ ಮಾನದಂಡದಲ್ಲಿ ನಾಲ್ಕು ಗುರುತುಗಳಿವೆ: ತೆಳುವಾದ ಏಕರೂಪದ ಬೂದು-ಬಿಳಿ ಸ್ರಾವ, 4.5ಕ್ಕಿಂತ ಮೇಲಿನ ಪಿಎಚ್, ಐದರಲ್ಲಿ ಒಂದಕ್ಕಿಂತ ಹೆಚ್ಚು ಕೋಶಗಳು ಕ್ಲೂ ಸೆಲ್ ಆಗಿರುವುದು, ಮತ್ತು ಸ್ರಾವಕ್ಕೆ ಶೇ 10ರ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಟ್ಟಾಗ ಗಪ್ಪೆಂದು ಏಳುವ ಮೀನಿನ ವಾಸನೆ. ನಾಲ್ಕರಲ್ಲಿ ಮೂರಿದ್ದರೆ ಬಿವಿ. ಆ ವಾಸನೆ ಅವಾಯುಜೀವಿಗಳು ಹೊರಬಿಡುವ ಟ್ರೈಮಿಥೈಲ್ಅಮೈನ್‌ನಂಥ ಅಮೈನ್‌ಗಳದ್ದು. ಪರಿಸರ ಕ್ಷಾರೀಯವಾದಂತೆ ಅವು ಆವಿಯಾಗಿ ಮೂಗಿಗೆ ಬಡಿಯುತ್ತವೆ. ವೀರ್ಯವೂ ಮುಟ್ಟಿನ ರಕ್ತವೂ ಪಿಎಚ್ ಏರಿಸುವಂಥವೇ ಆದ್ದರಿಂದ ವಾಸನೆ ಆಗಲೇ ಜೋರಾಗುವುದು. ಕೊಳೆಗೂ ಇದಕ್ಕೂ ಸಂಬಂಧವಿಲ್ಲ. ನಾಚಿಕೆಯಿಂದ ಒಳಗೆಲ್ಲ ನೀರು, ಸುಗಂಧದ ದ್ರಾವಣ ಹಾಯಿಸಿ ತೊಳೆಯುವವರು ಇರುವ ಅಷ್ಟಿಷ್ಟು ಲ್ಯಾಕ್ಟೋಬ್ಯಾಸಿಲಸ್ಸನ್ನೂ ತೊಳೆದುಕೊಳ್ಳುತ್ತಾರೆ. ಬಿಳಿ ಸೆರಗು ಎಂದ ಕೂಡಲೇ ಯೀಸ್ಟ್ ಔಷಧ ತಂದು ಹಾಕಿಕೊಳ್ಳುವವರಿಗೂ ಒಂದು ಮಾತು: ಯೀಸ್ಟ್ ಔಷಧ ಬಿವಿಯನ್ನು ಮುಟ್ಟುವುದೇ ಇಲ್ಲ. ಮೊದಲು ಯಾವುದು ಎಂದು ಪರೀಕ್ಷೆಯಾಗಬೇಕು.

ಈಗ ಔಷಧಕ್ಕೆ ಬರೋಣ. ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು. ಮೆಟ್ರೊನಿಡಜೋಲ್ 500 ಮಿಲಿಗ್ರಾಂ ಮಾತ್ರೆ ದಿನಕ್ಕೆರಡರಂತೆ 7 ದಿನ, ಇಲ್ಲವೇ ಅದರದೇ ಶೇ 0.75ರ ಜೆಲ್ 5 ದಿನ. ಇನ್ನೊಂದು ಕ್ಲಿಂಡಮೈಸಿನ್, ಶೇ 2ರ ಕ್ರೀಮ್, ಮಲಗುವ ಮುನ್ನ ಯೋನಿಯೊಳಗೆ, 7 ರಾತ್ರಿ. ಒಂದು ತಿಂಗಳಿಗೆ ಅಳೆದರೆ ಎರಡರ ಫಲಿತಾಂಶವೂ ಹೆಚ್ಚುಕಡಿಮೆ ಒಂದೇ. ಕೆಲಸ ಮಾಡುವ ಬಗೆ ಮಾತ್ರ ಪೂರ್ತಿ ಬೇರೆ.

ಟ್ರೈಕೊಮೊನಾಸ್ ಎಂಬ ಪರಾವಲಂಬಿಗೆಂದು 1960ರ ಆಸುಪಾಸಿನಲ್ಲಿ ಬಳಕೆಗೆ ಬಂದ ಮೆಟ್ರೊನಿಡಜೋಲ್ ನುಂಗಿದಾಗ ನಿರಪಾಯಕಾರಿಯಾದ ಅಣು. ಅದು ಆಯುಧವಾಗುವುದು ಬ್ಯಾಕ್ಟೀರಿಯಾದ ಒಳಗೆ ಹೋದ ಮೇಲೆ. ಅವಾಯುಜೀವಿಗಳ ಚಯಾಪಚಯ ಅದರ ನೈಟ್ರೋ ಗುಂಪಿಗೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಚುರುಕುಗೊಳಿಸುತ್ತದೆ, ಅದು ಅಲ್ಲೇ ಡಿಎನ್‌ಎಯನ್ನು ತುಂಡರಿಸುತ್ತದೆ. ಲ್ಯಾಕ್ಟೋಬ್ಯಾಸಿಲಸ್‌ಗಳಿಗೆ ಹೀಗೆ ಚುರುಕುಗೊಳಿಸುವ ವ್ಯವಸ್ಥೆ ಇಲ್ಲದಿರುವುದರಿಂದ ಚಿಕಿತ್ಸೆಯ ಪ್ರಮಾಣದಲ್ಲಿ ಅವು ಬಚಾವಾಗುತ್ತವೆ. ಆಂಟಿಬಯೋಟಿಕ್‌ಗಳ ಲೋಕದಲ್ಲಿ ಬೇಕಾದವರನ್ನು ಬಿಟ್ಟು ಬೇಡದವರನ್ನಷ್ಟೇ ಹೊಡೆಯುವ ಇಂಥ ಅನುಕೂಲ ಸಿಗುವುದು ಅಪರೂಪ. ಕ್ಲಿಂಡಮೈಸಿನ್ ಹಾಗಲ್ಲ. ಅದು ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಸುವ ರೈಬೋಸೋಮನ್ನೇ ಕಟ್ಟಿಹಾಕುತ್ತದೆ, ಮತ್ತು ಅನೇಕ ಲ್ಯಾಕ್ಟೋಬ್ಯಾಸಿಲಸ್ ತಳಿಗಳೂ ಅದಕ್ಕೆ ಬಲಿಯಾಗುತ್ತವೆ. ಮೆಟ್ರೊನಿಡಜೋಲ್‌ಗೆ ಅಷ್ಟಾಗಿ ಬಗ್ಗದ ಫ್ಯಾನಿಹೆಸ್ಸಿಯಾದಂಥವನ್ನು ಹೊಡೆಯುವುದರಲ್ಲಿ ಅದು ಮುಂದಿದೆ ನಿಜ. ಆದರೆ ಬೆಲೆ ತೆರಬೇಕು. 2004ರಲ್ಲಿ ಎರಡೂ ಔಷಧಗಳನ್ನು ಹೋಲಿಸಿದ ಅಧ್ಯಯನದಲ್ಲಿ, ಕ್ಲಿಂಡಮೈಸಿನ್ ಬಳಸಿದವರಲ್ಲಿ ಚಿಕಿತ್ಸೆಯ ನಂತರ ಸಿಕ್ಕ ಅವಾಯುಜೀವಿಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಆ ಔಷಧಕ್ಕೆ ಮಣಿಯದವಾಗಿದ್ದವು. ಮೆಟ್ರೊನಿಡಜೋಲ್‌ಗೆ ಮಣಿಯದವು ಶೇ 1ಕ್ಕಿಂತಲೂ ಕಡಿಮೆ. ಪದೇಪದೇ ಮರುಕಳಿಸುವ ತೊಂದರೆಗೆ ಪದೇಪದೇ ಕ್ಲಿಂಡಮೈಸಿನ್ ಬರೆಯುವುದು ನನ್ನ ದೃಷ್ಟಿಯಲ್ಲಿ ಅಷ್ಟು ಜಾಣತನವಲ್ಲ. ಅಂದಹಾಗೆ, ಆ ಕ್ರೀಮ್ ಎಣ್ಣೆ ಬೆರೆತದ್ದು. ಬಳಸುವಾಗ ಮತ್ತು ನಂತರದ ಐದು ದಿನ ಲೇಟೆಕ್ಸ್ ಕಾಂಡೋಮ್ ಸಡಿಲವಾಗಿ ಹರಿಯುವ ಅಪಾಯವಿದೆ. ಔಷಧ ಕೈಗಿಡುವಾಗ ಈ ಮಾತು ಹೇಳಲು ಮರೆಯುವವರೇ ಹೆಚ್ಚು.

ಮೆಟ್ರೊನಿಡಜೋಲ್ ಶುರುವಾದ ಕೆಲವೇ ದಿನಗಳಲ್ಲಿ ಬಿವಿಯ ಬ್ಯಾಕ್ಟೀರಿಯಾಗಳ ಸಂಖ್ಯೆ ಪಾತಾಳಕ್ಕೆ ಇಳಿಯುತ್ತದೆ. ಜಾಗ ಖಾಲಿ. ಯಾರು ಬರುತ್ತಾರೆ? ನಮಗೆ ಬೇಕಾದ್ದು ಕ್ರಿಸ್ಪೇಟಸ್. ಬರುವುದು ಸಾಮಾನ್ಯವಾಗಿ ಇನರ್ಸ್.

ಈ ಇನರ್ಸ್ ಒಂದು ವಿಚಿತ್ರ ಜೀವಿ. ಲ್ಯಾಕ್ಟೋಬ್ಯಾಸಿಲಸ್ ಬೆಳೆಸಲು ಪ್ರಯೋಗಾಲಯಗಳಲ್ಲಿ ಮಾಮೂಲಿಯಾಗಿ ಬಳಸುವ ಮಾಧ್ಯಮದಲ್ಲಿ ಬೆಳೆಯದ ಕಾರಣ 1999ರವರೆಗೆ ಅದಕ್ಕೊಂದು ಹೆಸರೂ ಇರಲಿಲ್ಲ. ಅದರ ಜೀನೋಮ್ ಸುಮಾರು 13 ಲಕ್ಷ ಅಕ್ಷರಗಳಷ್ಟೇ, ಲ್ಯಾಕ್ಟೋಬ್ಯಾಸಿಲಸ್ ಬಳಗದಲ್ಲೇ ಬಹಳ ಚಿಕ್ಕದು. ಬದುಕಲು ಬೇಕಾದ ಎಷ್ಟೋ ವಸ್ತುಗಳಿಗೆ ಸುತ್ತಲಿನ ಪರಿಸರವನ್ನೇ ಆಶ್ರಯಿಸುತ್ತದೆ. ಕ್ರಿಸ್ಪೇಟಸ್ ಡಿ ಮತ್ತು ಎಲ್ ಎಂಬ ಎರಡೂ ರೂಪದ ಲ್ಯಾಕ್ಟಿಕ್ ಆಮ್ಲ ತಯಾರಿಸಿದರೆ ಇನರ್ಸ್ ತಯಾರಿಸುವುದು ಎಲ್ ರೂಪವನ್ನು ಮಾತ್ರ. ಜೊತೆಗೆ ಜೀವಕೋಶದ ಪೊರೆಯಲ್ಲಿ ತೂತು ಕೊರೆಯಬಲ್ಲ ಇನರೊಲೈಸಿನ್ ಎಂಬ ವಿಷವೂ ಅದರ ಬಳಿ ಇದೆ; ಗಾರ್ಡ್ನೆರೆಲ್ಲಾದ ವಿಷಕ್ಕೆ ಅದು ಹತ್ತಿರದ ನೆಂಟ. ಆರೋಗ್ಯವಂತರಲ್ಲೂ ಇರುತ್ತದೆ, ಬಿವಿ ಇರುವವರಲ್ಲೂ ಇರುತ್ತದೆ. ಇಂಥ ಎರಡು ದೋಣಿಯ ಪಯಣಿಗನ ಕೈಗೆ ಅಧಿಕಾರ ಸಿಕ್ಕರೆ ಗುಣವಾದದ್ದು ಎಷ್ಟು ದಿನ ಉಳಿದೀತು? ಇನರ್ಸ್ ಯಜಮಾನಿಕೆಯ ಸಮುದಾಯ ಅವಾಯುಜೀವಿಗಳ ಕಡೆಗೆ ಜಾರುವ ಸಾಧ್ಯತೆ ಕ್ರಿಸ್ಪೇಟಸ್‌ದ್ದಕ್ಕಿಂತ ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ. ಔಷಧ ಪ್ರಯೋಗಗಳಲ್ಲಿ ಗುಣವಾಗಿದೆ ಎಂದು ಟಿಕ್ ಹಾಕುವುದು ಬಹುತೇಕ ಮೊದಲ ತಿಂಗಳೊಳಗೆ, ಅಂದರೆ ಇನರ್ಸ್ ಇನ್ನೂ ಕುರ್ಚಿಯಲ್ಲಿ ಕೂತಿರುವಾಗ. ಮಹಿಳೆಯರ ಅನುಭವಕ್ಕೂ ಔಷಧದ ಕಾಗದದ ಮೇಲಿನ ಯಶಸ್ಸಿಗೂ ಇರುವ ಅಂತರದ ಒಂದು ಮೂಲ ಇಲ್ಲಿದೆ.

ಇನ್ನೊಂದು ಮೂಲ ಗೋಡೆಗೆ ಅಂಟಿಕೊಂಡಿದೆ. ಬರ್ಲಿನ್‌ನ ಅಲೆಕ್ಸಾಂಡರ್ ಸ್ವಿಡ್ಸಿನ್‌ಸ್ಕಿ ಮತ್ತು ಸಂಗಡಿಗರು ಯೋನಿಯ ಒಳಪದರದ ಚೂರುಗಳನ್ನು ತೆಗೆದು, ಬ್ಯಾಕ್ಟೀರಿಯಾಗಳು ಬಣ್ಣಬಣ್ಣವಾಗಿ ಹೊಳೆಯುವಂತೆ ಮಾಡಿ ನೋಡಿದಾಗ, ಬಿವಿ ಇರುವವರಲ್ಲಿ ಪದರದ ಮೇಲೆ ಗಾರ್ಡ್ನೆರೆಲ್ಲಾದ ದಟ್ಟ ಹಾಸು ಕಾಣಿಸಿತು. ಬಿಡಿಬಿಡಿ ಬ್ಯಾಕ್ಟೀರಿಯಾಗಳಲ್ಲ; ತಮ್ಮದೇ ಅಂಟಿನಲ್ಲಿ ಹೂತುಕೊಂಡು ಒತ್ತೊತ್ತಾಗಿ ನಿಂತ ಜೈವಿಕ ಪೊರೆ, ಬಯೋಫಿಲ್ಮ್. ಈ ಅಧ್ಯಯನ ಪ್ರಕಟವಾದದ್ದು 2005ರಲ್ಲಿ. ಮೂರು ವರ್ಷಗಳ ನಂತರ ಅದೇ ತಂಡ ಒಂದು ವಾರ ಮೆಟ್ರೊನಿಡಜೋಲ್ ಕೊಟ್ಟು ಮತ್ತೆ ಚೂರು ತೆಗೆದು ನೋಡಿತು. ಔಷಧ ನಡೆಯುತ್ತಿರುವಾಗ ಪೊರೆ ಮಂಕಾಗಿತ್ತು, ಆದರೆ ಕಿತ್ತುಹೋಗಿರಲಿಲ್ಲ. ಔಷಧ ನಿಂತ ಕೆಲ ವಾರಗಳಲ್ಲೇ ಮತ್ತೆ ಜೀವ ತುಂಬಿಕೊಂಡಿತು. ಬಯೋಫಿಲ್ಮ್‌ನ ಆಳದಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಔಷಧ ಸರಿಯಾಗಿ ತಲುಪುವುದಿಲ್ಲ, ತಲುಪಿದರೂ ನಿಧಾನಗತಿಯಲ್ಲಿ ಬದುಕುತ್ತಿರುವ ಅವು ಸುಲಭಕ್ಕೆ ಸಾಯುವುದಿಲ್ಲ.

ಹಾಗಾದರೆ ಔಷಧವನ್ನೇ ಹೆಚ್ಚು ಕಾಲ ಕೊಟ್ಟರೆ? ಮಾಡಿ ನೋಡಿದ್ದಾರೆ. ವಾರಕ್ಕೆರಡು ಬಾರಿಯಂತೆ 16 ವಾರ ಮೆಟ್ರೊನಿಡಜೋಲ್ ಜೆಲ್ ಹಾಕಿಕೊಂಡವರಲ್ಲಿ, ಹಾಕುತ್ತಿರುವಷ್ಟು ಕಾಲ ಮರುಕಳಿಕೆ ಗಣನೀಯವಾಗಿ ಕಡಿಮೆಯಾಯಿತು. ನಿಲ್ಲಿಸಿದ ಮೇಲೆ ಲಾಭ ಕರಗುತ್ತಾ ಹೋಯಿತು, ಮಧ್ಯೆ ಯೀಸ್ಟ್ ಸೋಂಕಿನ ಕಾಟ ಹೆಚ್ಚಾಯಿತು. ಬೋರಿಕ್ ಆಮ್ಲದ 600 ಮಿಲಿಗ್ರಾಂ ಗುಳಿಗೆಯನ್ನು ಯೋನಿಯೊಳಗೆ 21 ದಿನ ಇಟ್ಟು ಆಮೇಲೆ ಜೆಲ್‌ಗೆ ಹೋಗುವ ಕ್ರಮವೂ ಇದೆ. ಆ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡರೆ ಪ್ರಾಣಕ್ಕೇ ಅಪಾಯ, ಗರ್ಭಿಣಿಯರು ಬಳಸುವಂತಿಲ್ಲ. ಈ ದಾರಿಗಳು ಹೆಂಗಸರಿಗೆ ಕೆಲವು ತಿಂಗಳ ನೆಮ್ಮದಿ ಕೊಡುತ್ತವೆ. ಅದನ್ನು ಹಗುರವಾಗಿ ಕಾಣುವುದು ಬೇಡ, ಆದರೆ ಬಿತ್ತನೆಯ ಪ್ರಶ್ನೆ ಹಾಗೇ ಉಳಿಯುತ್ತದೆ.

ಆ ಪ್ರಶ್ನೆಗೆ ಈವರೆಗೆ ಸಿಕ್ಕ ಗಟ್ಟಿ ಉತ್ತರ 2020ರದು. ಐದು ದಿನದ ಮೆಟ್ರೊನಿಡಜೋಲ್ ಜೆಲ್ ಮುಗಿಸಿದ 228 ಮಹಿಳೆಯರಲ್ಲಿ ಒಂದು ಗುಂಪಿಗೆ ಜೀವಂತ ಕ್ರಿಸ್ಪೇಟಸ್ ಪುಡಿಯನ್ನು, ಇನ್ನೊಂದಕ್ಕೆ ಹುಸಿ ಪುಡಿಯನ್ನು ಕೊಟ್ಟರು. ಯೋನಿಯೊಳಗೆ ಮೊದಲು ಸತತ ನಾಲ್ಕು ದಿನ, ನಂತರ ಹತ್ತು ವಾರ ವಾರಕ್ಕೆರಡು ಬಾರಿ. 12ನೇ ವಾರದ ಹೊತ್ತಿಗೆ ಹುಸಿ ಪುಡಿಯ ಗುಂಪಿನಲ್ಲಿ ಶೇ 45 ಮಂದಿಗೆ ಬಿವಿ ಮರಳಿತ್ತು, ಕ್ರಿಸ್ಪೇಟಸ್ ಗುಂಪಿನಲ್ಲಿ ಶೇ 30 ಮಂದಿಗೆ. ಅದ್ಭುತವೇನಲ್ಲ. ಹಾಗಂತ ತಳ್ಳಿಹಾಕುವ ಅಂಕಿಯೂ ಅಲ್ಲ. ಇಲ್ಲಿ ಮುಖ್ಯವಾದ ವಿಷಯ ಎಂದರೆ ಆ ತಳಿ ಯೋನಿಯದ್ದೇ. ಅಂಗಡಿಯಲ್ಲಿ ಸಿಗುವ ಪ್ರೋಬಯೋಟಿಕ್ ಕ್ಯಾಪ್ಸೂಲ್‌ಗಳಲ್ಲಿ ಇರುವುದು ಹೆಚ್ಚಾಗಿ ಕರುಳಿಗೆ ಅಥವಾ ಹಾಲು ಹುಳಿಸಲು ಬಳಸುವ ಪ್ರಭೇದಗಳು. ಲ್ಯಾಕ್ಟೋಬ್ಯಾಸಿಲಸ್ ಎಂಬ ಮನೆತನದ ಹೆಸರು ಒಂದೇ ಆದರೂ ಅವು ಯೋನಿಯಲ್ಲಿ ಸಂಸಾರ ಹೂಡುವಂಥವಲ್ಲ. ಆರೋಗ್ಯವಂತ ಮಹಿಳೆಯರ ಯೋನಿಸ್ರಾವವನ್ನೇ ಕಸಿ ಮಾಡುವ ಪ್ರಯತ್ನ ಇಸ್ರೇಲ್‌ನಲ್ಲಿ ನಡೆದು, 2019ರ ವರದಿಯಂತೆ, ಯಾವ ಚಿಕಿತ್ಸೆಗೂ ಬಗ್ಗದಿದ್ದ ಐವರಲ್ಲಿ ನಾಲ್ವರಿಗೆ ದೀರ್ಘಕಾಲ ಗುಣವಾಯಿತು. ಐವರ ಫಲಿತಾಂಶವನ್ನು ಐವರದ್ದೆಂದೇ ಓದಬೇಕು. 2024ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆ ಒಲಿಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಇನರ್ಸನ್ನು ತಡೆದು ಕ್ರಿಸ್ಪೇಟಸ್‌ಗೆ ಅನುಕೂಲ ಮಾಡುತ್ತದೆ ಎಂದು ಪ್ರಯೋಗಾಲಯದಲ್ಲಿ ತೋರಿಸಿತು. ಮನೆಯಲ್ಲಿ ಎಣ್ಣೆ ಹಚ್ಚಿಕೊಳ್ಳಲು ಅದು ಅಪ್ಪಣೆಯಲ್ಲ.

ಬಿವಿಯಿಂದ ಅವಧಿಪೂರ್ವ ಹೆರಿಗೆ, ಎಚ್‌ಐವಿ ತಗಲುವುದು, ಗರ್ಭಕೋಶ-ನಾಳಗಳ ಸೋಂಕು ಇವುಗಳ ಅಪಾಯ ಹೆಚ್ಚು ಎಂಬುದು ಗೊತ್ತಿರುವ ಸಂಗತಿ. ಹಾಗಾಗಿ ಲಕ್ಷಣವಿಲ್ಲದ ಗರ್ಭಿಣಿಯರಿಗೂ ಔಷಧ ಕೊಟ್ಟುಬಿಟ್ಟರೆ ಹೇಗೆ ಎಂಬ ಯೋಚನೆ ಸಹಜವಾಗಿಯೇ ಬಂತು. ಮೆಟ್ರೊನಿಡಜೋಲ್‌ನಿಂದ ಅಮೆರಿಕದಲ್ಲಿ ನಡೆದು 2000ದಲ್ಲಿ ಪ್ರಕಟವಾದ, ಕ್ಲಿಂಡಮೈಸಿನ್‌ನಿಂದ ಫ್ರಾನ್ಸ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳು ಎರಡೂ ನಿರಾಸೆ ತಂದವು: ಅವಧಿಪೂರ್ವ ಹೆರಿಗೆ ಕಡಿಮೆಯಾಗಲಿಲ್ಲ. ಲಕ್ಷಣ ಇರುವ ಗರ್ಭಿಣಿಗೆ ಚಿಕಿತ್ಸೆ ಕೊಡಬೇಕು, ಅದು ಬೇರೆ ಮಾತು.

ಇಷ್ಟೆಲ್ಲ ಹುಡುಕಾಟ ಹೆಣ್ಣಿನ ದೇಹದೊಳಗೇ ನಡೆಯುತ್ತಿದ್ದಾಗ, ಉತ್ತರದ ಒಂದು ದೊಡ್ಡ ತುಂಡು ಪಕ್ಕದಲ್ಲೇ ಇತ್ತು. ಪುರುಷನ ಶಿಶ್ನದ ಚರ್ಮದ ಮೇಲೂ, ಮೂತ್ರನಾಳದಲ್ಲೂ ಬಿವಿಯ ಬ್ಯಾಕ್ಟೀರಿಯಾಗಳು ಇರುತ್ತವೆ. ಗಂಡಸಿಗೆ ಚಿಕಿತ್ಸೆ ಕೊಟ್ಟು ನೋಡಿದ ಹಳೆಯ ಪ್ರಯೋಗಗಳು ಫಲ ಕೊಡದಿದ್ದರಿಂದ ಆ ವಿಚಾರವನ್ನೇ ಪಕ್ಕಕ್ಕಿಡಲಾಗಿತ್ತು. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಅದೇ ಫಲಿತಾಂಶ. ಅಲ್ಲೆಲ್ಲ ಕೊಟ್ಟದ್ದು ನುಂಗುವ ಔಷಧ ಮಾತ್ರ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳ ಗೊಡವೆಗೆ ಯಾರೂ ಹೋಗಿರಲಿಲ್ಲ. ಮೆಲ್ಬರ್ನ್‌ನ ಸಂಶೋಧಕರು ಎರಡನ್ನೂ ಸೇರಿಸಿದರು. ಪುರುಷರಿಗೆ ಮೆಟ್ರೊನಿಡಜೋಲ್ 400 ಮಿಲಿಗ್ರಾಂ ಮಾತ್ರೆ, ಜೊತೆಗೆ ಶಿಶ್ನಕ್ಕೆ ಹಚ್ಚಲು ಶೇ 2ರ ಕ್ಲಿಂಡಮೈಸಿನ್ ಕ್ರೀಮ್, ಎರಡೂ ದಿನಕ್ಕೆರಡು ಬಾರಿ, ಏಳು ದಿನ. ಮಹಿಳೆಗೆ ಮಾಮೂಲಿ ಚಿಕಿತ್ಸೆ, ಅದೇ ವಾರದಲ್ಲಿ. ಒಬ್ಬರಿಗೊಬ್ಬರೇ ಸಂಗಾತಿಯಾಗಿದ್ದ 164 ಜೋಡಿಗಳು ಇದರಲ್ಲಿದ್ದವು. 12 ವಾರದಲ್ಲಿ ಮಹಿಳೆಗಷ್ಟೇ ಔಷಧ ಕೊಟ್ಟ ಗುಂಪಿನಲ್ಲಿ ಮರುಕಳಿಕೆ ಶೇ 63. ಇಬ್ಬರಿಗೂ ಕೊಟ್ಟ ಗುಂಪಿನಲ್ಲಿ ಶೇ 35. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಲಾಯಿತು. 2025ರ ಮಾರ್ಚ್‌ನಲ್ಲಿ ಈ ಫಲಿತಾಂಶ ಹೊರಬಿತ್ತು. ಪುರುಷರಿಗೆ ಆದ ತೊಂದರೆ ಎಂದರೆ ವಾಕರಿಕೆ, ತಲೆನೋವು, ಬಾಯಲ್ಲಿ ಲೋಹದ ರುಚಿ, ಅಂದರೆ ಇಷ್ಟು ವರ್ಷ ಮಹಿಳೆಯರು ಒಬ್ಬರೇ ಸಹಿಸಿಕೊಂಡು ಬಂದದ್ದೇ. ಅದೇ ವರ್ಷ ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಘಟನೆಯೂ ಬಿವಿ ಮರುಕಳಿಸುತ್ತಿರುವ ಮಹಿಳೆಯರ ಪುರುಷ ಸಂಗಾತಿಗೆ ಜೊತೆಯಲ್ಲೇ ಚಿಕಿತ್ಸೆ ಕೊಡುವ ಬಗ್ಗೆ ಪರಿಗಣಿಸುವಂತೆ ಸಲಹೆ ನೀಡಿತು.

ಇದು ಎಲ್ಲರಿಗೂ ಒಗ್ಗುವ ಮದ್ದಲ್ಲ. ಸಂಗಾತಿ ಇಲ್ಲದವರಿಗೂ ಬಿವಿ ಮರುಕಳಿಸುವುದುಂಟು, ಸಂಗಾತಿ ಮಹಿಳೆಯೇ ಆಗಿರುವವರಲ್ಲಿ ಈ ಪ್ರಯೋಗ ನಡೆದಿಲ್ಲ. ಇಬ್ಬರಿಗೂ ಔಷಧ ಕೊಟ್ಟ ಮೇಲೂ ಮೂರರಲ್ಲಿ ಒಬ್ಬರಿಗೆ ಮೂರು ತಿಂಗಳೊಳಗೆ ತೊಂದರೆ ವಾಪಸಾಗಿದೆ. ಗಂಡಸಿನಿಂದ ಕಳೆಯ ಬೀಜ ಬೀಳುವುದು ನಿಂತರೂ ಖಾಲಿ ಜಾಗಕ್ಕೆ ಕ್ರಿಸ್ಪೇಟಸ್ ತಾನಾಗಿ ಬಂದು ಸೇರುತ್ತದೆ ಎಂದೇನಿಲ್ಲವಲ್ಲ. ಸಂಗಾತಿಯ ಚಿಕಿತ್ಸೆಯ ಜೊತೆಗೇ ಕ್ರಿಸ್ಪೇಟಸ್ಸನ್ನೂ ಕೊಟ್ಟು ನೋಡುವುದು ನನಗೆ ಕಾಣುವ ಸಹಜ ಮುಂದಿನ ಹೆಜ್ಜೆ. ಅಲ್ಲಿಯವರೆಗೆ, ವರ್ಷದಲ್ಲಿ ಮೂರನೇ ಸಲವೋ ನಾಲ್ಕನೇ ಸಲವೋ ಅದೇ ತೊಂದರೆ ಹೊತ್ತು ಬಂದ ಮಹಿಳೆಗೆ ಅದೇ ಏಳು ದಿನದ ಚೀಟಿಯನ್ನು ಮತ್ತೆ ಬರೆದುಕೊಡುವ ಮೊದಲು, ಸಂಗಾತಿ ಇದ್ದಾರೆಯೇ, ಅವರೂ ಔಷಧ ತೆಗೆದುಕೊಳ್ಳಲು ಸಿದ್ಧರಿದ್ದಾರೆಯೇ ಎಂದು ವೈದ್ಯರು ಕೇಳಬೇಕು. ಅವರು ಕೇಳದಿದ್ದರೆ ಆಕೆಯೇ ಕೇಳಬಹುದು.